ಕೊಟ್ಟು ಕೊಳ್ಳದೆ ತಂಡ ಕಟ್ಟಲಾದೀತೆ?

ಆಗಸ್ಟ್ ತಿಂಗಳಲ್ಲಿ ಮಲೆನಾಡಿಗೆ ಮಳೆ ಹಿಡಿದುಕೊಂಡರೆ ಬೇಗ ಬಿಡುವುದಿಲ್ಲ. ತುಂಗೆ, ಭದ್ರೆ ಎರಡೂ ಕೆಂಪು ನೀರು ಹೊತ್ತು ಹರಿಯುತ್ತವೆ. ಮೈದಾನಗಳಲ್ಲಿ ನೀರು ನಿಂತು, ಚೆಂಡು ಬ್ಯಾಟುಗಳೆಲ್ಲ ಮನೆಯ ಮೂಲೆ ಸೇರುತ್ತವೆ. ಅಂಥ ಸಂಜೆಗಳಲ್ಲಿ ಶಿವಮೊಗ್ಗದ ಬಿ.ಎಚ್. ರಸ್ತೆಯಲ್ಲಾಗಲಿ, ಭದ್ರಾವತಿಯ ಬಿ.ಎಚ್. ರಸ್ತೆಯಲ್ಲಾಗಲಿ, ಹೋಟೆಲಿನಲ್ಲಿ ಕಾಫಿಗೆ ಕುಳಿತವರ ಕಣ್ಣು ಟಿ.ವಿ. ಕಡೆಗೆ ಹೊರಳುತ್ತದೆ. ನೂರಾರು ಕಿಲೋಮೀಟರ್ ದೂರದ ಊರಿನ ಹೊನಲು ಬೆಳಕಿನಲ್ಲಿ ಶಿವಮೊಗ್ಗದ ಹೆಸರು ಹೊತ್ತ ತಂಡವೊಂದು ಆಡುತ್ತಿರುತ್ತದೆ. ಸಾಮಾನ್ಯವಾಗಿ, ಸೋಲುತ್ತಿರುತ್ತದೆ.

ಸೋಲು ಗೆಲುವು ಆಟದಲ್ಲಿ ಇದ್ದದ್ದೇ ಎಂದು ಸಮಾಧಾನ ಹೇಳಿಕೊಳ್ಳಬಹುದು. ಆದರೆ ಒಂದು ಲೆಕ್ಕವನ್ನು ಗಮನಿಸಿ. ಕರ್ನಾಟಕ ರಾಜ್ಯ ಕ್ರಿಕೆಟ್ ಸಂಸ್ಥೆ 2022ರಲ್ಲಿ ಆರಂಭಿಸಿದ ಮಹಾರಾಜ ಟ್ರೋಫಿ ಟಿ-20 ಟೂರ್ನಿಯಲ್ಲಿ ಆಡುವುದು ಆರು ತಂಡಗಳು: ಬೆಂಗಳೂರು, ಮೈಸೂರು, ಹುಬ್ಬಳ್ಳಿ, ಮಂಗಳೂರು, ಗುಲ್ಬರ್ಗ ಮತ್ತು ಶಿವಮೊಗ್ಗ. 2022ರ ಫೈನಲ್‌ನಲ್ಲಿ ಗುಲ್ಬರ್ಗ ಬೆಂಗಳೂರನ್ನು ಸೋಲಿಸಿತು. 2023ರಲ್ಲಿ ಹುಬ್ಬಳ್ಳಿಗೆ ಮೈಸೂರು ಎದುರಾಳಿ, ಗೆದ್ದದ್ದು ಹುಬ್ಬಳ್ಳಿ. 2024ರಲ್ಲಿ ಮೈಸೂರು ಬೆಂಗಳೂರನ್ನು ಮಣಿಸಿತು. 2025ರಲ್ಲಿ ಮಂಗಳೂರು ಹುಬ್ಬಳ್ಳಿಯಿಂದ ಕಪ್ ಕಸಿದುಕೊಂಡಿತು. ನಾಲ್ಕು ವರ್ಷ, ನಾಲ್ಕು ಬೇರೆ ಬೇರೆ ಚಾಂಪಿಯನ್ನರು. ಈ ನಾಲ್ಕು ವರ್ಷಗಳಲ್ಲಿ ಆರರಲ್ಲಿ ಐದು ತಂಡಗಳು ಫೈನಲ್ ಆಡಿದವು. ಆಡದೆ ಉಳಿದ ಒಂದೇ ಒಂದು ತಂಡ ಶಿವಮೊಗ್ಗ.

ತಂಡದ ಹೆಸರನ್ನು ಬದಲಿಸಿಯೂ ನೋಡಿದ್ದಾಯಿತು. 2009ರಲ್ಲಿ ಕರ್ನಾಟಕ ಪ್ರೀಮಿಯರ್ ಲೀಗ್ ಶುರುವಾದಾಗ ಇಲ್ಲಿಯವರದು 'ಮಲ್ನಾಡ್ ಗ್ಲಾಡಿಯೇಟರ್ಸ್'. ಆಮೇಲೆ 'ನಮ್ಮ ಶಿವಮೊಗ್ಗ'. 2019ರಲ್ಲಿ 'ಶಿವಮೊಗ್ಗ ಲಯನ್ಸ್'. ಮಹಾರಾಜ ಟ್ರೋಫಿಯ ಮೊದಲ ವರ್ಷ 'ಶಿವಮೊಗ್ಗ ಸ್ಟ್ರೈಕರ್ಸ್', ಮತ್ತೆ 'ಲಯನ್ಸ್'. ಹೆಸರು ಬದಲಿಸಿದರೆ ಹಣೆಬರಹ ಬದಲಾಗುವುದಿಲ್ಲ ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ. ಬದಲಿಸಬೇಕಾದುದು ತಂಡ ಕಟ್ಟುವ ಬಗೆಯನ್ನು.

52 ಸಿಕ್ಸರುಗಳ ಪಾಠ

2024ರ ಟೂರ್ನಿಯನ್ನು ನೆನಪಿಸಿಕೊಳ್ಳೋಣ. ಆ ವರ್ಷ ಶಿವಮೊಗ್ಗದ ಬಳಿ ಇಡೀ ಟೂರ್ನಿಯಲ್ಲೇ ಅತಿ ಭಯಂಕರ ಹೊಡೆತಗಾರನಿದ್ದ. ಅಭಿನವ್ ಮನೋಹರ್ 10 ಇನಿಂಗ್ಸ್‌ಗಳಲ್ಲಿ 507 ರನ್ ಬಾರಿಸಿದರು. ಅದರಲ್ಲಿ 52 ಸಿಕ್ಸರುಗಳು! ಅಂದರೆ 312 ರನ್ನುಗಳು ಗಾಳಿಯಲ್ಲೇ ಬಂದವು. ಆ ಆಟದ ಬೆನ್ನಲ್ಲೇ ಐ.ಪಿ.ಎಲ್. ಹರಾಜಿನಲ್ಲಿ ಹೈದರಾಬಾದ್ ತಂಡ ಅವರಿಗೆ 3.20 ಕೋಟಿ ರೂಪಾಯಿ ಕೊಟ್ಟಿತು. ಆದರೆ ಶಿವಮೊಗ್ಗಕ್ಕೆ ಸಿಕ್ಕಿದ್ದೇನು? ಆರು ತಂಡಗಳಲ್ಲಿ ನಾಲ್ಕು ಸೆಮಿಫೈನಲ್‌ಗೆ ಹೋಗುವ ಟೂರ್ನಿಯಲ್ಲಿ ಅದು ಸೆಮಿಫೈನಲನ್ನೂ ಕಾಣಲಿಲ್ಲ.

ಮರುವರ್ಷ, 2025ರ ಹರಾಜಿನಲ್ಲಿ, ಹುಬ್ಬಳ್ಳಿ ಟೈಗರ್ಸ್ 12.20 ಲಕ್ಷ ರೂಪಾಯಿಗೆ ಅಭಿನವ್ ಅವರನ್ನು ಕೊಂಡಿತು, ಫೈನಲನ್ನೂ ತಲುಪಿತು. ಶಿವಮೊಗ್ಗ 10.80 ಲಕ್ಷ ಕೊಟ್ಟು ಕೊಡಗಿನ ವೇಗಿ ವಿದ್ವತ್ ಕಾವೇರಪ್ಪ ಅವರನ್ನು ತಂದಿತು. ಪರೋಕ್ಷವಾಗಿ ನೋಡಿದರೆ ಇದೊಂದು ವಿನಿಮಯವೇ: ಒಬ್ಬ ಹೊಡೆತಗಾರ ಹೋದ, ಒಬ್ಬ ಎಸೆತಗಾರ ಬಂದ. 'ಇದ್ದ ಹುಲಿಯನ್ನು ಹುಬ್ಬಳ್ಳಿಗೆ ಬಿಟ್ಟುಕೊಟ್ಟರು' ಎಂದು ಬೇಸರಪಟ್ಟುಕೊಂಡವರಿಗೆ ಕಡಿಮೆಯಿಲ್ಲ. ಆದರೆ ಈ ವಿನಿಮಯ ತಪ್ಪೇ? ಸ್ವಲ್ಪ ಗಣಿತ ಮಾಡಿ ನೋಡುವುದು ಒಳ್ಳೆಯದು.

ಒಂದು ಇನಿಂಗ್ಸ್ ಎಂದರೆ 120 ಎಸೆತ. ಅಭಿನವ್ ಆ 507 ರನ್ನಿಗೆ ಬಳಸಿಕೊಂಡದ್ದು 258 ಎಸೆತ. ಪಂದ್ಯವೊಂದಕ್ಕೆ ಸುಮಾರು 26 ಎಸೆತ, 51 ರನ್. ಅವರ ಜಾಗದಲ್ಲಿ ಸಾಧಾರಣ ಆಟಗಾರನೊಬ್ಬ 100 ಎಸೆತಕ್ಕೆ 140ರ ವೇಗದಲ್ಲಿ ಆಡಿದ ಎಂದುಕೊಳ್ಳಿ. ಅದೇ 26 ಎಸೆತಗಳಲ್ಲಿ ಆತ 36 ರನ್ ಗಳಿಸಿಯಾನು. ವ್ಯತ್ಯಾಸ 15 ರನ್. ಈಗ ಬೌಲಿಂಗ್ ಕಡೆ ತಿರುಗಿ. ಓವರಿಗೆ 11 ರನ್ ಬಿಟ್ಟುಕೊಡುವ ಇಬ್ಬರು ಬೌಲರುಗಳ ಬದಲು 8 ರನ್ ಕೊಡುವ ಇಬ್ಬರು ಸಿಕ್ಕರೆ, ಅವರ ಒಟ್ಟು 8 ಓವರುಗಳಲ್ಲಿ ಉಳಿಯುವುದು 24 ರನ್. ಒಬ್ಬ ಮಹಾ ಹೊಡೆತಗಾರ ತರುವ 15ಕ್ಕಿಂತ ಇಬ್ಬರು ಶಿಸ್ತಿನ ಎಸೆತಗಾರರು ಉಳಿಸುವ 24 ದೊಡ್ಡದು.

ಇದು ಕರಿಹಲಗೆಯ ಲೆಕ್ಕ, ನಿಜ. ವಿಕೆಟ್ ಕಾಯ್ದುಕೊಳ್ಳುವ ಬೆಲೆ, ಎದುರಾಳಿಯ ಎದೆಯಲ್ಲಿ ಹುಟ್ಟುವ ಅಳುಕು ಇದರಲ್ಲಿ ಸೇರಿಲ್ಲ. ಆದರೂ ದಿಕ್ಕು ಸ್ಪಷ್ಟವಾಗಿದೆ. 26 ಎಸೆತ ಒಬ್ಬನದಾದರೆ ಉಳಿದ 94 ಎಸೆತ ಬೇರೆಯವರದು. ಬೌಲಿಂಗಿನ 120 ಎಸೆತಗಳೂ ಬೇರೆಯವರವೇ. 2025ರಲ್ಲಿ ಶಿವಮೊಗ್ಗ ಹಿಡಿದ ದಾರಿ ತಪ್ಪಲ್ಲ, ಅರ್ಧ ದಾರಿ. ಒಬ್ಬ ಹೊಡೆತಗಾರನನ್ನು ಬಿಟ್ಟಾಗ ಅದಕ್ಕೆ ಪ್ರತಿಯಾಗಿ ಇಬ್ಬರು ಬೇಕಾಗುತ್ತಾರೆ.

ಬೋಸ್ಟನ್ನಿನ 86 ವರ್ಷ

ಈ ಕೊಡು-ಕೊಳ್ಳುವ ವಿದ್ಯೆಯನ್ನು ಶತಮಾನದಿಂದ ಅರೆದು ಕುಡಿದವರು ಅಮೆರಿಕದ ಬೇಸ್‌ಬಾಲ್ ತಂಡದವರು. ಅಲ್ಲಿನ ಮೇಜರ್ ಲೀಗ್‌ನಲ್ಲಿ 30 ತಂಡಗಳು, ಒಂದೊಂದಕ್ಕೂ ಋತುವಿಗೆ 162 ಪಂದ್ಯ. ನಮ್ಮ ಹಾಗೆ ಎಲ್ಲರನ್ನೂ ಹರಾಜಿಗೆ ನಿಲ್ಲಿಸುವ ಪದ್ಧತಿ ಅಲ್ಲಿಲ್ಲ. ಒಂದು ತಂಡ ತನ್ನ ಆಟಗಾರನನ್ನು ಇನ್ನೊಂದಕ್ಕೆ ಕೊಟ್ಟು, ಅದರಿಂದ ತನಗೆ ಬೇಕಾದವನನ್ನು ಪಡೆಯುತ್ತದೆ. ಆಟಗಾರನೊಂದಿಗೆ ಅವನ ಒಪ್ಪಂದವೂ ಹೋಗುತ್ತದೆ. ಸೋಲುವ ತಂಡ ಮೇಲೆ ಬರಬೇಕಾದರೆ ಇದೇ ಮುಖ್ಯ ಏಣಿ. ಜಾರಿ ಬೀಳುವುದಕ್ಕೂ ಇದೇ ಏಣಿ.

ಬೋಸ್ಟನ್ ರೆಡ್ ಸಾಕ್ಸ್ ತಂಡದ ಕಥೆ ಕೇಳಿ. 1918ರಲ್ಲಿ ಅದು ಚಾಂಪಿಯನ್. ಮರುವರ್ಷದ ಕೊನೆಯಲ್ಲಿ ಅದರ ಮಾಲೀಕ ಬೇಬ್ ರೂತ್ ಎಂಬ ಮಹಾನ್ ಆಟಗಾರನನ್ನು ಒಂದು ಲಕ್ಷ ಡಾಲರಿಗೆ ನ್ಯೂಯಾರ್ಕ್ ಯಾಂಕೀಸ್‌ಗೆ ಮಾರಿದ. ಪ್ರತಿಯಾಗಿ ಬಂದದ್ದು ಹಣ, ಆಟಗಾರರಲ್ಲ. ಅದುವರೆಗೆ ಒಂದು ಪ್ರಶಸ್ತಿಯನ್ನೂ ಗೆಲ್ಲದಿದ್ದ ಯಾಂಕೀಸ್ 2000ದ ಹೊತ್ತಿಗೆ 26 ಬಾರಿ ಗೆದ್ದಿತ್ತು. ಬೋಸ್ಟನ್ ಮಾತ್ರ ಮುಂದಿನ ಪ್ರಶಸ್ತಿಗೆ 2004ರವರೆಗೆ, 86 ವರ್ಷ ಕಾಯಿತು.

2004ರಲ್ಲಿ ಗೆದ್ದದ್ದು ಹೇಗೆ ಎಂಬುದು ಇನ್ನೂ ಸ್ವಾರಸ್ಯಕರ. ಜುಲೈ 31ರಂದು, ಋತುವಿನ ನಡುವೆಯೇ, ಬೋಸ್ಟನ್ ತನ್ನ ಅತ್ಯಂತ ಜನಪ್ರಿಯ ಬ್ಯಾಟರ್ ನೊಮಾರ್ ಗಾರ್ಸಿಯಪಾರನನ್ನೇ ಬಿಟ್ಟುಕೊಟ್ಟಿತು. ಊರಿಗೆ ಊರೇ ಕಣ್ಣೀರಿಟ್ಟಿತು. ಬದಲಿಗೆ ತಂದದ್ದು ಚೆಂಡು ಹಿಡಿಯುವುದರಲ್ಲಿ ನಿಪುಣರಾದ ಇಬ್ಬರನ್ನು. ಅದೇ ದಿನ ಇನ್ನೊಂದು ಸಣ್ಣ ವಿನಿಮಯದಲ್ಲಿ ಡೇವ್ ರಾಬರ್ಟ್ಸ್ ಎಂಬ ಓಟಗಾರನನ್ನು ತಂದಿತು. ಅಕ್ಟೋಬರಿನಲ್ಲಿ ಯಾಂಕೀಸ್ ಎದುರು ಸರಣಿಯೇ ಕೈತಪ್ಪುತ್ತಿದ್ದಾಗ ಈ ರಾಬರ್ಟ್ಸ್ ಕದ್ದು ಓಡಿದ ಒಂದು ಓಟ ಇಡೀ ಕಥೆಯನ್ನು ತಿರುಗಿಸಿತು. ದೊಡ್ಡ ಹೆಸರು ಹೋಯಿತು, ತಂಡದ ತೂತು ಮುಚ್ಚಿತು, ಕಪ್ ಬಂತು.

ಇನ್ನೊಂದು ಉದಾಹರಣೆ 1987ರದು. ಡೆಟ್ರಾಯಿಟ್ ತಂಡಕ್ಕೆ ಆ ವರ್ಷವೇ ಗೆಲ್ಲುವ ಆತುರ. 36 ವರ್ಷದ ಡಾಯ್ಲ್ ಅಲೆಕ್ಸಾಂಡರ್ ಎಂಬ ಪಿಚರನ್ನು ಪಡೆದು 20 ವರ್ಷದ ಹುಡುಗನೊಬ್ಬನನ್ನು ಅಟ್ಲಾಂಟಾಗೆ ಕೊಟ್ಟಿತು. ಅಲೆಕ್ಸಾಂಡರ್ ಬಂದವನೇ 9 ಪಂದ್ಯ ಗೆಲ್ಲಿಸಿ, ಒಂದನ್ನೂ ಸೋಲಲಿಲ್ಲ. ಡೆಟ್ರಾಯಿಟ್ ತನ್ನ ವಿಭಾಗದಲ್ಲಿ ಮೊದಲಿಗನಾಯಿತು, ಆದರೆ ಪ್ರಶಸ್ತಿ ಸಿಗಲಿಲ್ಲ. ಹೋದ ಹುಡುಗ ಜಾನ್ ಸ್ಮೋಲ್ಟ್ಸ್ ಎರಡು ದಶಕ ಅಟ್ಲಾಂಟಾ ಪರ ಆಡಿ, 1995ರಲ್ಲಿ ಪ್ರಶಸ್ತಿ ಗೆದ್ದು, 2015ರಲ್ಲಿ ಬೇಸ್‌ಬಾಲಿನ ಕೀರ್ತಿಮಂದಿರ ಸೇರಿದ. ಗೆಲ್ಲುವ ಹಂತದಲ್ಲಿರುವ ತಂಡ ನಾಳೆಯನ್ನು ಕೊಟ್ಟು ಇಂದನ್ನು ಕೊಳ್ಳಬಹುದು. ಕೆಳಗಿರುವ ತಂಡ ಮಾಡಬೇಕಾದುದು ಅದರ ತದ್ವಿರುದ್ಧ.

ನಮ್ಮ ಬೆಂಗಳೂರಿನ ಉದಾಹರಣೆ

ಅಷ್ಟು ದೂರ ಹೋಗುವುದೂ ಬೇಡ. ಬೆಂಗಳೂರಿನ ರಾಯಲ್ ಚಾಲೆಂಜರ್ಸ್ ತಂಡ 2016ರಲ್ಲಿ ಏನಾಗಿತ್ತು? ವಿರಾಟ್ ಕೊಹ್ಲಿ ಒಬ್ಬರೇ 973 ರನ್ ಗಳಿಸಿದ ವರ್ಷವದು. ಗೇಲ್, ಡಿ ವಿಲಿಯರ್ಸ್ ಕೂಡ ಜೊತೆಗಿದ್ದರು. ಆದರೂ ಫೈನಲ್‌ನಲ್ಲಿ 8 ರನ್ನುಗಳಿಂದ ಸೋತಿತು. ಸೋಲಿಸಿದ ಹೈದರಾಬಾದಿನ ಬಲವೆಲ್ಲ ಬೌಲಿಂಗ್. ಆ ವರ್ಷ 23 ವಿಕೆಟ್ ಪಡೆದ ಭುವನೇಶ್ವರ್ ಕುಮಾರ್ ಅದರ ಮುಂಚೂಣಿಯಲ್ಲಿದ್ದರು. ಒಂಬತ್ತು ವರ್ಷಗಳ ನಂತರ ಬೆಂಗಳೂರು ಅದೇ ಭುವನೇಶ್ವರರನ್ನು ತಂದು, ಹೇಜಲ್‌ವುಡ್ ಮತ್ತು ಕೃನಾಲ್ ಪಾಂಡ್ಯರನ್ನು ಸೇರಿಸಿಕೊಂಡಿತು. 2025ರ ಜೂನ್ 3ರ ಫೈನಲ್‌ನಲ್ಲಿ ಪಂಜಾಬ್ ವಿರುದ್ಧ 6 ರನ್ನುಗಳ ಗೆಲುವು. ಪಂದ್ಯಶ್ರೇಷ್ಠ ಯಾರು? 4 ಓವರುಗಳಲ್ಲಿ ಬರೀ 17 ರನ್ ಕೊಟ್ಟು 2 ವಿಕೆಟ್ ಕಿತ್ತ ಕೃನಾಲ್. 18ನೆಯ ವರ್ಷಕ್ಕೆ ಬಂದ ಕಪ್‌ನ ಹಿಂದಿನ ಪಾಠ ಇದು.

ನೇರ ವಿನಿಮಯಕ್ಕೂ ಉದಾಹರಣೆಗಳಿವೆ. 2009ರಲ್ಲಿ ಬೆಂಗಳೂರು ಜಹೀರ್ ಖಾನ್‌ರನ್ನು ಮುಂಬೈಗೆ ಕೊಟ್ಟು, ಕರ್ನಾಟಕದವರೇ ಆದ ರಾಬಿನ್ ಉತ್ತಪ್ಪರನ್ನು ತಂದಿತು. ಆ ವರ್ಷ ಬೆಂಗಳೂರು ಫೈನಲ್ ತಲುಪಿತು. ಮರುವರ್ಷ ಮುಂಬೈ ತಲುಪಿತು. ಕೊಟ್ಟವರೂ ಕೆಡಲಿಲ್ಲ, ಕೊಂಡವರೂ ಕೆಡಲಿಲ್ಲ. 2021ರಲ್ಲಿ ಡೆಲ್ಲಿಯಿಂದ ಮರಳಿ ಬಂದ ಹರ್ಷಲ್ ಪಟೇಲ್ ಒಂದೇ ಋತುವಿನಲ್ಲಿ 32 ವಿಕೆಟ್ ಪಡೆದು ಟೂರ್ನಿಯ ದಾಖಲೆಯನ್ನು ಸರಿಗಟ್ಟಿದರು. ಇನ್ನೊಬ್ಬರಿಗೆ ಬೇಡವಾದದ್ದು ತನಗೆ ಬೇಕಾಗಿದೆಯೇ ಎಂದು ನೋಡುವ ಕಣ್ಣೇ ಇಲ್ಲಿ ಮುಖ್ಯ.

ಶಿವಮೊಗ್ಗದವರಿಗೆ ಇದು ಗೊತ್ತಿಲ್ಲದ ವಿದ್ಯೆಯೇನಲ್ಲ. ಅಡಿಕೆ ಮಂಡಿಗೆ ಬಂದ ಬೆಳೆಗಾರ ಸರಕು, ಬೆಟ್ಟೆ, ರಾಶಿ, ಗೊರಬಲು ಎಂದು ಬೇರೆ ಬೇರೆ ಮಾಡಿಯೇ ದರ ಕೇಳುತ್ತಾನೆ. ಎಲ್ಲ ಚೀಲವನ್ನೂ ಒಂದೇ ದಿನ ಮಾರುವುದಿಲ್ಲ. ಯಾವುದಕ್ಕೆ ಯಾವಾಗ ಗಿರಾಕಿ ಎಂಬ ಅಂದಾಜು ಅವನಿಗಿರುತ್ತದೆ. ಭದ್ರಾವತಿಯವರಿಗೂ ಅಷ್ಟೇ. 1923ರಲ್ಲಿ ಊದುಕುಲುಮೆ ಹೊತ್ತಿಕೊಂಡ ಊರು ಅದು. ಶೇಕಡ 4ರಷ್ಟು ಇಂಗಾಲ ಕೂಡಿದ ಬೀಡು ಕಬ್ಬಿಣ ಗಟ್ಟಿ, ಆದರೆ ಪೆಟ್ಟು ಬಿದ್ದರೆ ಒಡೆಯುತ್ತದೆ. ಇಂಗಾಲ ಇಳಿಸಿ, ಬೇಕಾದಷ್ಟು ಮ್ಯಾಂಗನೀಸ್, ಕ್ರೋಮಿಯಂ ಬೆರೆಸಿದರೆ ಉಕ್ಕು ಬಾಗಿಯೂ ಉಳಿಯುತ್ತದೆ. ಒಂದೇ ವಸ್ತುವನ್ನು ಸುರಿಯುತ್ತ ಹೋಗುವುದಕ್ಕಿಂತ ಹದ ಮುಖ್ಯವೆಂದು ಆ ಊರಿನ ಕೆಲಸಗಾರನಿಗೆ ಯಾರೂ ಹೇಳಿಕೊಡಬೇಕಿಲ್ಲ.

ಮಾಡಬಹುದಾದ ವಿನಿಮಯಗಳು

ಹಾಗಾದರೆ ಶಿವಮೊಗ್ಗ ತಂಡ ಏನು ಮಾಡಬಹುದು?

ಮೊದಲನೆಯದು, ಒಬ್ಬನಿಗೆ ಇಬ್ಬರು. ತಂಡದಲ್ಲಿ ದೊಡ್ಡ ಬೆಲೆಯ ಬ್ಯಾಟರ್ ಇದ್ದರೆ ಅವನನ್ನು ಬಯಸುವ ತಂಡ ಇದ್ದೇ ಇರುತ್ತದೆ. ಅದರಿಂದ ಹೊಸ ಚೆಂಡಿಗೊಬ್ಬ, ಕೊನೆಯ ನಾಲ್ಕು ಓವರುಗಳಿಗೊಬ್ಬ ಬೌಲರನ್ನು ಕೇಳಬೇಕು. ಹೆಸರು ಚಿಕ್ಕದಾದರೂ ಚಿಂತೆಯಿಲ್ಲ.

ಎರಡನೆಯದು, ಅನುಭವಕ್ಕೆ ಬದಲು ಪ್ರಾಯ. ರಣಜಿ ಆಡಿ ಹೆಸರು ಮಾಡಿದ ಹಿರಿಯನೊಬ್ಬ ಫೈನಲ್ ಹೊಸ್ತಿಲಲ್ಲಿರುವ ತಂಡಕ್ಕೆ ಬಂಗಾರ. ಪಟ್ಟಿಯ ತಳದಲ್ಲಿರುವ ತಂಡಕ್ಕೆ ಅವನು ಒಂದು ವರ್ಷದ ಸಮಾಧಾನ ಮಾತ್ರ. ಅವನನ್ನು ಕೊಟ್ಟು 19-20ರ ಇಬ್ಬರು ಹುಡುಗರನ್ನು ತಂದರೆ, ಮೊದಲ ವರ್ಷ ಸೋಲಬಹುದು. ಮೂರನೆಯ ವರ್ಷ ಅವರೇ ಗೆಲ್ಲಿಸಬಹುದು. ಆದರೆ ಅವರನ್ನು ಮೂರು ವರ್ಷ ಉಳಿಸಿಕೊಳ್ಳುವ ತಾಳ್ಮೆ ಬೇಕು. ವರ್ಷ ವರ್ಷವೂ ಗಿಡ ಕಿತ್ತು ಬೇರು ನೋಡಿದರೆ ಅಡಿಕೆಯೂ ಫಲ ಕೊಡುವುದಿಲ್ಲ.

ಇದಕ್ಕೆ ಟೂರ್ನಿಯ ವ್ಯವಸ್ಥೆಯೂ ಅನುಕೂಲವಾಗಬೇಕು. ತಂಡಗಳು ಮುಖ್ಯವಾಗಿ ಹರಾಜಿನಲ್ಲೇ ರೂಪುಗೊಂಡಾಗ ಅಂದಿನ ಸಭಾಂಗಣದ ಬಿಸಿಯಲ್ಲಿ ಬೆಲೆ ಏರುತ್ತದೆ. ಯಾರಿಗೆ ಯಾರು ಬೇಕೆಂದು ಕುಳಿತು ಮಾತನಾಡಲು ಬಿಡುವಿರುವುದಿಲ್ಲ. ಹರಾಜಿಗೆ ಒಂದು ತಿಂಗಳು ಮೊದಲು ತಂಡ ತಂಡಗಳ ನಡುವೆ ನೇರ ವಿನಿಮಯಕ್ಕೆ ಕಾಲಾವಕಾಶ ಕೊಟ್ಟರೆ, ಅದರ ಮೊದಲ ಲಾಭ ಕೆಳಗಿರುವ ತಂಡಕ್ಕೆ.

ಒಂದು ಮಾತನ್ನು ಮರೆಯಬಾರದು. ಆಟಗಾರ ಅಡಿಕೆ ಚೀಲವಲ್ಲ. ಅವನಿಗೂ ಮನೆ, ಮನಸ್ಸು, ಅಭಿಮಾನಗಳಿವೆ. ಅವನ ಒಪ್ಪಿಗೆಯಿಲ್ಲದ ವಿನಿಮಯ ಸಲ್ಲದು. ಜಾಗ ಬದಲಿಸುವುದು ಕೆಲವೊಮ್ಮೆ ಆಟಗಾರನಿಗೇ ಒಳ್ಳೆಯದು ಎಂಬುದೂ ನಿಜ. ಕರ್ನಾಟಕ ತಂಡದಲ್ಲಿ ಸ್ಥಾನ ಕಳೆದುಕೊಂಡ ಕರುಣ್ ನಾಯರ್ 2023ರಲ್ಲಿ ವಿದರ್ಭಕ್ಕೆ ಹೋದರು. 2024-25ರಲ್ಲಿ ವಿದರ್ಭ ರಣಜಿ ಗೆದ್ದಾಗ 863 ರನ್ ಅವರ ಬ್ಯಾಟಿನಿಂದ ಬಂದಿದ್ದವು. ಭಾರತ ತಂಡದ ಬಾಗಿಲೂ ಮತ್ತೆ ತೆರೆಯಿತು. 2022ರ ನಂತರ ಕೇರಳಕ್ಕೆ ಹೋಗಿದ್ದ ಶ್ರೇಯಸ್ ಗೋಪಾಲ್ ಕೂಡ ಮರಳಿ ಬಂದರು. ಹೋದವರು ಬರುತ್ತಾರೆ, ಬಾಗಿಲು ಮುಚ್ಚದಿದ್ದರೆ.

ನವುಲೆಯ ಮೈದಾನ

ಅದೇ ಕರುಣ್ ಕರ್ನಾಟಕಕ್ಕೆ ಮರಳಿ, 2025ರ ಅಕ್ಟೋಬರಿನಲ್ಲಿ ಗೋವಾ ವಿರುದ್ಧ ಔಟಾಗದೆ 174 ರನ್ ಗಳಿಸಿದ್ದು ಎಲ್ಲಿ? ಶಿವಮೊಗ್ಗದ ನವುಲೆಯ ಮೈದಾನದಲ್ಲಿ. ರಣಜಿ ಪಂದ್ಯಕ್ಕೆ ಸಾಲುವ ಅಂಗಳ ಈ ಊರಿನಲ್ಲೇ ಇದೆ. ಆದರೆ ಶಿವಮೊಗ್ಗದ ಹೆಸರಿನ ತಂಡ ಮಹಾರಾಜ ಟ್ರೋಫಿಯ ನಾಲ್ಕು ವರ್ಷಗಳಲ್ಲಿ ಒಂದು ಪಂದ್ಯವನ್ನೂ ಇಲ್ಲಿ ಆಡಲಿಲ್ಲ. ಎಲ್ಲವೂ ಬೆಂಗಳೂರು ಅಥವಾ ಮೈಸೂರಿನಲ್ಲಿ ನಡೆದವು. ಆಗಸ್ಟಿನ ಮಳೆಯಲ್ಲಿ ಇಲ್ಲಿ ಆಡಿಸುವುದು ಆಗದ ಮಾತು ಎಂಬುದನ್ನು ಮಲೆನಾಡಿನವರಿಗೆ ಬಿಡಿಸಿ ಹೇಳಬೇಕಿಲ್ಲ. ಆದರೆ ಮಳೆ ಹಿಡಿಯುವ ಮೊದಲು, ಮೇ ತಿಂಗಳಲ್ಲಿ, ತಂಡದ ಆಯ್ಕೆಯ ಶಿಬಿರವನ್ನು ಇಲ್ಲಿ ನಡೆಸಲು ಅಡ್ಡಿಯೇನು? ಭದ್ರಾವತಿ, ಸಾಗರ, ತೀರ್ಥಹಳ್ಳಿ, ಶಿಕಾರಿಪುರದ ಹುಡುಗರು ಬಂದು ಬೌಲ್ ಮಾಡಲಿ. ದೊಡ್ಡವರು ಎದುರು ನಿಂತು ಆಡಲಿ. ಹತ್ತರಲ್ಲಿ ಒಬ್ಬನಾದರೂ ಕೊನೆಯ ಓವರಿಗೆ ಆಗುವವನು ಸಿಗಲಾರನೇ? ಹರಾಜಿನಲ್ಲಿ ಲಕ್ಷ ಕೊಟ್ಟರೂ ಸಿಗದ ಆಟಗಾರನನ್ನು ಮನೆಯಂಗಳದಲ್ಲೇ ಕಂಡುಕೊಳ್ಳುವುದು ವಿನಿಮಯಗಳಲ್ಲೆಲ್ಲ ಅಗ್ಗದ್ದು.

ಈ ನೆಲದಲ್ಲಿ ಆಟಗಾರರು ಹುಟ್ಟುವುದಿಲ್ಲ ಎನ್ನುವಂತಿಲ್ಲ. ಗುಂಡಪ್ಪ ವಿಶ್ವನಾಥ್ 1949ರ ಫೆಬ್ರವರಿ 12ರಂದು ಹುಟ್ಟಿದ್ದು ಭದ್ರಾವತಿಯಲ್ಲಿ. 1969ರಲ್ಲಿ ಕಾನ್ಪುರದ ತಮ್ಮ ಮೊದಲ ಟೆಸ್ಟಿನಲ್ಲಿ ಮೊದಲು ಸೊನ್ನೆಗೆ ಔಟಾಗಿ, ಎರಡನೆಯ ಸರದಿಯಲ್ಲಿ 137 ಹೊಡೆದವರು ಅವರು. 91 ಟೆಸ್ಟ್, 6080 ರನ್, 14 ಶತಕ. ಸಾಗರದ ಕಡೆಯಿಂದ ಬಂದ ಭರತ್ ಚಿಪ್ಲಿ ಐ.ಪಿ.ಎಲ್. ಅಂಗಳದವರೆಗೆ ಹೋದರು. ಆದರೆ ಇವರೆಲ್ಲ ಬೆಳಗಿದ್ದು ಊರಿನಿಂದ ಹೊರಗೆ. ಪ್ರತಿಭೆಯಿರುವ ಹುಡುಗ ಬೆಂಗಳೂರಿನ ಬಸ್ಸು ಹತ್ತಿದರೆ ಮಾತ್ರ ಕಣ್ಣಿಗೆ ಬೀಳುತ್ತಾನೆ ಎಂಬ ಕಾಲ ಆಗಿತ್ತು. ಈಗಲೂ ಪೂರ್ತಿ ಮುಗಿದಿಲ್ಲ. ಕಾರ್ಖಾನೆಗಳ ಸದ್ದು ತಗ್ಗಿದ ಭದ್ರಾವತಿಯಲ್ಲಿ ಬಸ್ಸಿನ ಖರ್ಚೂ ಮನೆಯವರು ಎರಡು ಸಲ ಯೋಚಿಸುವ ವಿಷಯ.

ಶಿವಮೊಗ್ಗದ ತಂಡ ಗೆಲ್ಲಬೇಕು ಎನ್ನುವುದು ಕಪ್ಪಿನ ಆಸೆಗಷ್ಟೇ ಅಲ್ಲ. ಊರಿನ ಹೆಸರು ಹೊತ್ತ ತಂಡದಲ್ಲಿ ಊರಿನ ಹುಡುಗನಿಗೆ ದಾರಿಯಿದೆ ಎಂದು ತಿಳಿದಾಗ ಮನೆಯಲ್ಲಿ ಬ್ಯಾಟು ಮುಟ್ಟಿದ್ದಕ್ಕೆ ಬೀಳುವ ಬೈಗುಳ ಕಡಿಮೆಯಾದೀತು. ಅದಕ್ಕೆ ಹೊರಗಿನ ದೊಡ್ಡ ಹೆಸರೊಂದನ್ನು ಬಿಟ್ಟುಕೊಡಬೇಕಾದರೆ ಬಿಟ್ಟುಕೊಡಲಿ. ಒಂದೆರಡು ವರ್ಷ ಸಿಕ್ಸರುಗಳು ಕಡಿಮೆಯಾಗಬಹುದು. ನಾಲ್ಕು ವರ್ಷ ಸಿಕ್ಸರು ನೋಡಿಯೂ ಫೈನಲ್ ನೋಡದವರಿಗೆ ಅದೇನು ದೊಡ್ಡ ನಷ್ಟವಲ್ಲ.